ಎಷ್ಟಾಣೆ ಅದಾಳ್ರೀ?

ಐಸಿಯು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ ಆ ಹಿರಿಯರು ನನ್ನನ್ನು ಕೇಳಿದ್ದು ಒಂದೇ ಮಾತು: "ಬಾಯಾರ, ನಮ್ಮ ಹುಡುಗಿ ಎಷ್ಟಾಣೆ ಅದಾಳ್ರೀ?"

ನಮ್ಮ ಕಡೆ ಹಳಬರು ಇವತ್ತಿಗೂ ಭರವಸೆಯನ್ನು ಆಣೆಯಲ್ಲೇ ಅಳೆಯುತ್ತಾರೆ. ಮಳೆ ಎಷ್ಟಾಣೆ, ಬೆಳೆ ಎಷ್ಟಾಣೆ, ಕೂಡಿಬಂದ ಸಂಬಂಧ ಎಷ್ಟಾಣೆ. ಹದಿನಾರಾಣೆ ಅಂದರೆ ಪೂರ್ತಿ, ಎಂಟಾಣೆ ಅಂದರೆ ಅತ್ತಲೂ ಆಗಬಹುದು ಇತ್ತಲೂ ಆಗಬಹುದು. ಆಗ ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗದಲ್ಲಿ ಎರಡನೇ ವರ್ಷದ ಪಿಜಿ. ನನ್ನ ಥೀಸಿಸ್ಸಿನ ವಿಷಯವೂ ಅವರು ಕೇಳಿದ್ದೇ: ಐಸಿಯುಗೆ ಬರುವ ಗರ್ಭಿಣಿ, ಬಾಣಂತಿಯರಲ್ಲಿ ಯಾರು ಉಳಿಯುತ್ತಾರೆ, ಯಾರು ಕೈ ತಪ್ಪುತ್ತಾರೆ ಅನ್ನುವುದನ್ನು ಅಂಕ ಹಾಕಿ ಮೊದಲೇ ಹೇಳಲು ಆಗುತ್ತದೆಯೇ? ಏಪ್ರನ್ ಜೇಬಿನಲ್ಲಿ ಅವರ ಮಗಳ ಪ್ರೊಫಾರ್ಮಾ, ಅಂದರೆ ಥೀಸಿಸ್ಸಿನ ಮಾಹಿತಿ ತುಂಬುವ ಹಾಳೆ, ಮಡಚಿ ಇಟ್ಟಿದ್ದೆ. ಆಗಷ್ಟೇ ಕೂಡಿಸಿದ ಮೊತ್ತ ಅದರ ಕೆಳಗೆ ಇತ್ತು. ಮನಸ್ಸಿನಲ್ಲೇ ಅದನ್ನು ಆಣೆಗೆ ಇಳಿಸಿದೆ.

"ನಾಲ್ಕಾಣೆ ಅನ್ರೀ," ಅಂದೆ.

ಅವರು ತಲೆ ಅಲ್ಲಾಡಿಸಿದರು. ಇನ್ನೊಂದು ಮಾತು ಆಡಲಿಲ್ಲ. ಗೋಡೆಗೆ ಆತು ಕೂತು ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡರು.

ಆ ನಾಲ್ಕಾಣೆ ತಪ್ಪು ಲೆಕ್ಕ. ಅದು ಎಲ್ಲಿ ತಪ್ಪಿತು, ಮುಂದೆ ನಾನು ಏನು ಕಲಿತೆ ಅನ್ನುವುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಇತ್ತು. ಯಾರ ಗುರುತೂ ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಅಂಕ ಹಾಕುವ ಪದ್ಧತಿಗಳ ಬಗ್ಗೆ ಮೊದಲು ಎರಡು ಮಾತು. ನಾನು ಬಳಸಿದ್ದು ಅಪಾಚೆ-2 ಮತ್ತು ಸೋಫಾ. ಅಪಾಚೆ-2 ಬಂದದ್ದು 1985ರಲ್ಲಿ. ಅಮೆರಿಕದ ವಿಲಿಯಂ ನೌಸ್ ಮತ್ತು ಅವರ ಸಂಗಡಿಗರು 13 ಆಸ್ಪತ್ರೆಗಳ ಐಸಿಯುಗಳಲ್ಲಿ ದಾಖಲಾದ 5,815 ರೋಗಿಗಳ ಮಾಹಿತಿ ಇಟ್ಟುಕೊಂಡು ಅದನ್ನು ರೂಪಿಸಿದರು. ಜ್ವರ, ನಾಡಿ, ಬಿಪಿ, ಉಸಿರು, ರಕ್ತದ ಆಮ್ಲತೆ (ಪಿಎಚ್), ಸೋಡಿಯಂ, ಮೂತ್ರಪಿಂಡದ ಕೆಲಸ ತೋರುವ ಕ್ರಿಯಾಟಿನಿನ್, ಪ್ರಜ್ಞೆಯ ಮಟ್ಟ, ಹೀಗೆ 12 ಅಳತೆಗಳು. ಮೊದಲ 24 ತಾಸಿನಲ್ಲಿ ಪ್ರತಿಯೊಂದೂ ಅತಿ ಹೆಚ್ಚು ಕೆಟ್ಟದ್ದು ಎಷ್ಟಕ್ಕೆ ಹೋಗಿತ್ತೋ ಅದಕ್ಕೆ ಅಂಕ. ವಯಸ್ಸಿಗೆ ಬೇರೆ, ಹಳೆಯ ಕಾಯಿಲೆಗೆ ಬೇರೆ. ಎಲ್ಲ ಕೂಡಿದರೆ ಸೊನ್ನೆಯಿಂದ 71. ಅಂಕ ಏರಿದಷ್ಟೂ ಅಪಾಯ. ಸೋಫಾ 1996ರದು, ಇನ್ನೂ ಸರಳ. ಶ್ವಾಸಕೋಶ, ಪ್ಲೇಟ್‌ಲೆಟ್, ಯಕೃತ್ತು, ರಕ್ತದೊತ್ತಡ, ಮೆದುಳು, ಮೂತ್ರಪಿಂಡ, ಈ ಆರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಇದನ್ನು ದಿನಾ ಹಾಕಬಹುದು.

ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕ ಮೇಲೆ ಮೊದಲ ಪೆಟ್ಟು ಬಿದ್ದದ್ದು ಒಪ್ಪಿಗೆ ಪತ್ರದಲ್ಲಿ. ಇಂಗ್ಲಿಷಿನದನ್ನು ಕನ್ನಡಕ್ಕೆ ಮಾಡಿಸಿದ್ದೆ. ವೆಂಟಿಲೇಟರ್ ಮೇಲಿರುವವಳು ಸಹಿ ಮಾಡುವ ಹಾಗಿಲ್ಲ. ಗಂಡನೋ ತಂದೆಯೋ ಮಾಡಬೇಕು. ಮೊದಲನೇ ಕೇಸಿನಲ್ಲೇ ಹತ್ತನೇ ಕ್ಲಾಸು ಓದಿದ ತಮ್ಮನೊಬ್ಬ ಕಾರಿಡಾರಿನಲ್ಲಿ ನಿಂತು, ಮನೆಯವರಿಗೆಲ್ಲ ಕೇಳಿಸಲೆಂದು, ಗಟ್ಟಿಯಾಗಿ ಓದತೊಡಗಿದ: "ಈ ಅಧ್ಯಯನದಲ್ಲಿ ರೋಗಿಯ ಸಾವಿನ ಸಂಭಾವ್ಯತೆಯನ್ನು…" ಅಷ್ಟಕ್ಕೇ ತಾಯಿ ಕುಸಿದು ಕೂತರು. "ಸಾಯ್ತಾಳಂತ ಬರದಾರ, ಅದಕ್ಕ ನಾವು ಹೆಬ್ಬಟ್ಟು ಒತ್ತಬೇಕಂತ," ಅಂತ ಅತ್ತರು. ಅವರನ್ನು ಸಮಾಧಾನ ಮಾಡಲು ನನಗೆ ಅರ್ಧ ತಾಸು ಹಿಡಿಯಿತು. ಮರುದಿನವೇ ಕಮಿಟಿಗೆ ಅರ್ಜಿ ಹಾಕಿ ಆ ಸಾಲು ಬದಲಿಸಿದೆ: "ಕಾಯಿಲೆ ಎಷ್ಟು ಗಂಭೀರವಾಗಿದೆ ಎಂದು ಅಳೆಯಲು, ಹೇಗೂ ಮಾಡುತ್ತಿರುವ ಪರೀಕ್ಷೆಗಳ ಫಲಿತಾಂಶಗಳನ್ನು ಬರೆದುಕೊಳ್ಳುತ್ತೇವೆ. ಇದಕ್ಕಾಗಿ ಹೆಚ್ಚಿನ ರಕ್ತ ತೆಗೆಯುವುದಿಲ್ಲ." ನಿಜವಾಗಿ ನಾವು ಮಾಡುತ್ತಿದ್ದುದೂ ಅಷ್ಟೇ.

ಈಗ ಆ ಹಿರಿಯರ ಮಗಳ ವಿಷಯ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಇಪ್ಪತ್ತೊಂದು ವರ್ಷ. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಅಂದಳಂತೆ, ಬಿಸಿಲಿಗೆ ಇರಬೇಕು ಅಂದುಕೊಂಡರಂತೆ. ಬೆಳಗಿನ ಜಾವ ಫಿಟ್ಸ್ ಬಂದಿದೆ. 108ರಲ್ಲಿ ಇನ್ನೊಂದು, ನಮ್ಮ ಕ್ಯಾಶುವಲ್ಟಿಯಲ್ಲಿ ಮೂರನೆಯದು. ಬಿಪಿ 170/110. ಲೇಬರ್ ರೂಮಿನಲ್ಲೇ ಹೆರಿಗೆಯಾಯಿತು. 1.9 ಕಿಲೋದ ಹೆಣ್ಣುಮಗು ನವಜಾತ ಶಿಶುಗಳ ಆರೈಕೆ ಘಟಕವಾದ ಎಸ್‌ಎನ್‌ಸಿಯುಗೆ ಹೋಯಿತು, ತಾಯಿ ಬಾಯಲ್ಲಿ ಟ್ಯೂಬ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದಳು. ಪ್ಲೇಟ್‌ಲೆಟ್ 42,000. ಕ್ರಿಯಾಟಿನಿನ್ 1.6, ಮೂತ್ರ ತೀರ ಕಡಿಮೆ. ಬಿಲಿರುಬಿನ್ ಏರಿತ್ತು. ಯಕೃತ್ತಿನ ಕಿಣ್ವಗಳು ಏರಿ, ಕೆಂಪು ರಕ್ತಕಣ ಒಡೆದು, ಪ್ಲೇಟ್‌ಲೆಟ್ ಇಳಿಯುವ ಹೆಲ್ಪ್ ಸಿಂಡ್ರೋಮ್.

ಫಿಟ್ಸ್ ತಡೆಯುವ ಮ್ಯಾಗ್‌ಸಲ್ಫ್ ಶುರುವಾಗಿತ್ತು. ನಾಲ್ಕು ಗ್ರಾಂ ನರಕ್ಕೆ, ಒಂದೊಂದು ಪಿರ್ರೆಗೆ ಐದೈದು ಗ್ರಾಂ, ಒಟ್ಟು 14. ಆಮೇಲೆ ನಾಲ್ಕು ತಾಸಿಗೊಮ್ಮೆ ಐದು. ಔಷಧ ಮಿತಿ ಮೀರಿಲ್ಲ ಎಂದು ತಿಳಿಯಲು ಪ್ರತಿ ಡೋಸಿಗೂ ಮುಂಚೆ ಮೂರು ವಿಷಯ ನೋಡಲೇಬೇಕು: ಉಸಿರಿನ ಗತಿ, ಉರೋಬ್ಯಾಗಿನಲ್ಲಿ ತಾಸಿಗೆ ಕನಿಷ್ಠ 30 ಎಂಎಲ್ ಮೂತ್ರ, ಮೊಣಕಾಲಿನ ಮಿಡಿತ. ವೆಂಟಿಲೇಟರ್ ಮೇಲೆ ಇರುವವಳಲ್ಲಿ ಉಸಿರನ್ನು ನಂಬುವ ಹಾಗಿಲ್ಲ, ಅದು ಯಂತ್ರದ್ದು. ಹಾಗಾಗಿ ಮೊಣಕಾಲೇ ಸಾಕ್ಷಿ. ರಾತ್ರಿ ಎರಡಕ್ಕೆ ಹೊದಿಕೆ ಸರಿಸಿ, ಅವಳ ಮೊಣಕಾಲ ಕೆಳಗೆ ನನ್ನ ಎಡಗೈ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕಾಲು ಒಂದಿಷ್ಟೇ ಜಿಗಿಯಿತು. ಹಿಮ್ಮಡಿಯಲ್ಲಿ ಒಡಕು, ಕಾಲುಂಗುರ ಬಾತುಹೋದ ಬೆರಳಿಗೆ ಕಚ್ಚಿ ಕೂತಿತ್ತು. ಸಿಸ್ಟರ್ ಅಂಟುಪಟ್ಟಿ ಸುತ್ತಿದ್ದರು, ಕತ್ತರಿಸಿರಲಿಲ್ಲ. "ಎದ್ದ ಮ್ಯಾಲ ಕೇಳಿ ತಗೀತೀನ್ರೀ," ಅಂದರು. ಎದ್ದ ಮೇಲೆ. ಅವರ ಲೆಕ್ಕದಲ್ಲಿ ಅವಳು ಏಳುವುದು ಖಾತ್ರಿ ಇತ್ತು.

ನನ್ನ ಲೆಕ್ಕದಲ್ಲಿ ಇರಲಿಲ್ಲ. 24 ತಾಸು ತುಂಬಿದ ಮೇಲೆ ಅಪಾಚೆ-2 ಅಂಕ ಕೂಡಿಸಿದೆ. ಬಿಪಿಗೆ 3, ನಾಡಿ 128ಕ್ಕೆ 2, ಉಸಿರಿಗೆ 1, ಆಮ್ಲಜನಕಕ್ಕೆ 2, ಪಿಎಚ್‌ಗೆ 2, ಕ್ರಿಯಾಟಿನಿನ್‌ಗೆ 2ರ ಬದಲು, ಮೂತ್ರಪಿಂಡ ಹಠಾತ್ತಾಗಿ ಸೋತಿದ್ದರೆ ಅದು ದುಪ್ಪಟ್ಟು ಎಂಬ ನಿಯಮದಂತೆ 4, ರಕ್ತ ತೆಳುವಾಗಿದ್ದಕ್ಕೆ 2, ಬಿಳಿ ರಕ್ತಕಣ 22,000ಕ್ಕೆ 2. ಹದಿನೆಂಟು. ಕೊನೆಗೆ ಪ್ರಜ್ಞೆ. ಗ್ಲಾಸ್ಗೋ ಕೋಮಾ ಸ್ಕೇಲ್ (ಜಿಸಿಎಸ್) ಹದಿನೈದರಲ್ಲಿ ಎಷ್ಟು ಕಡಿಮೆಯೋ ಅಷ್ಟು ಅಂಕ. ಅವಳು ಕಣ್ಣು ತೆರೆಯುತ್ತಿರಲಿಲ್ಲ, ಟ್ಯೂಬ್ ಇರುವುದರಿಂದ ಮಾತಿಲ್ಲ, ಚಿವುಟಿದರೆ ಕೈ ಆಡಿಸುತ್ತಿರಲಿಲ್ಲ. ಮೂರು ಅಂತ ಬರೆದೆ. ಹದಿನೈದರಲ್ಲಿ ಮೂರು ಕಳೆದರೆ ಹನ್ನೆರಡು. ಮೊತ್ತ 30. ಕೋಷ್ಟಕದಲ್ಲಿ 30ರಿಂದ 34 ಅಂಕಕ್ಕೆ ಸಾವಿನ ಪ್ರಮಾಣ ನೂರಕ್ಕೆ ಎಪ್ಪತ್ತರ ಮೇಲೆ. ಹದಿನಾರಾಣೆಯಲ್ಲಿ ಉಳಿಯುವುದು ನಾಲ್ಕಾಣೆ.

ಬೆಳಿಗ್ಗೆ ಏಳಕ್ಕೆ ಹೋದಾಗ ಬಾಗಿಲಲ್ಲಿ ಜನ ಹೆಚ್ಚಾಗಿದ್ದರು. ರಾತ್ರೋರಾತ್ರಿ ಫೋನು ಹೋಗಿತ್ತು. ಒಂದು ಕ್ರೂಸರ್ ಗಾಡಿ ಮಾತಾಡಿಕೊಂಡು ಬಂದು ಗೇಟಿನ ಹೊರಗೆ ನಿಲ್ಲಿಸಿದ್ದರು. ಆ ಹಿರಿಯರು ಕೈ ಮುಗಿದು, "ಬಾಯಾರ, ನೀವು ಖರೇ ಹೇಳಿದ್ರಿ, ನಿಮ್ಮ ಉಪಕಾರ. ನಾಲ್ಕಾಣೆಕ್ಕ ಯಾಕ ಆಕಿಗಿ ಇಷ್ಟು ತ್ರಾಸ ಕೊಡೋದು? ಮನಿಗೆ ಒಯ್ಯತೀವ್ರೀ. ಜೀವ ಇದ್ದಾಗ ಊರು ಮುಟ್ಟಲಿ," ಅಂದರು. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ ಡಾಮಾ ಅನ್ನುತ್ತೇವೆ, ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ. ಸಹಿ ಮಾಡಿದರೆ ಮುಗಿಯಿತು. ಟ್ಯೂಬ್ ತೆಗೆದು ಆ ಗಾಡಿಯಲ್ಲಿ ಮಲಗಿಸಿದರೆ ಅವಳು ಊರು ಮುಟ್ಟುವುದಿರಲಿ, ಬೈಪಾಸ್ ದಾಟುತ್ತಿರಲಿಲ್ಲ. ನನ್ನ ಅಂಕ ಆಗ ನಿಜವಾಗುತ್ತಿತ್ತು, ಅಂಕದಿಂದಲೇ.

ರೌಂಡ್ಸಿಗೆ ಬಂದ ಗೈಡ್ ಸರ್ ಕೈಗೆ ಪ್ರೊಫಾರ್ಮಾ ಕೊಟ್ಟೆ. ಅವರು ಕನ್ನಡಕ ಏರಿಸಿ ಕೆಳಗಿನಿಂದ ಮೇಲಕ್ಕೆ ಓದಿದರು.

"ಇಲ್ಲಿ ಜಿಸಿಎಸ್ ಮೂರು ಅಂತ ಯಾಕ ಬರದಿ ಅವ್ವಾ?"

"ಸರ್, ರೆಸ್ಪಾನ್ಸ್ ಇಲ್ಲ."

"ಪಂಪಿನ್ಯಾಗ ಏನ್ ಓಡಾಕ್ಹತ್ತೈತಿ?"

ನೋಡಿದೆ. ಮಿಡಜೋಲಾಮ್. ಫಿಟ್ಸ್ ಮರುಕಳಿಸಬಾರದೆಂದು, ಟ್ಯೂಬ್ ಸಹಿಸಿಕೊಳ್ಳಲೆಂದು, ನಾವೇ ಹಾಕಿದ ನಿದ್ದೆ ಔಷಧ. ನಾನೇ ಹಿಂದಿನ ರಾತ್ರಿ ಡೋಸ್ ಏರಿಸಿದ್ದೆ.

"ನೀ ಅಂಕ ಕೊಟ್ಟಿದ್ದು ಔಷಧಕ್ಕ, ಹುಡುಗಿಗಲ್ಲ," ಅಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ನಿದ್ದೆ ಔಷಧದಲ್ಲಿರುವವರಿಗೆ ಔಷಧ ಕೊಡುವ ಮುಂಚಿನ ಪ್ರಜ್ಞಾಮಟ್ಟ ಹಿಡಿಯಬೇಕು. ಕ್ಯಾಶುವಲ್ಟಿಯ ಕೇಸ್ ಶೀಟಿನಲ್ಲಿ ಇಂಟರ್ನಿ ಹುಡುಗನೊಬ್ಬ ಚೆಂದಾಗಿ ಬರೆದಿದ್ದ: ನೋವಿಗೆ ಕಣ್ಣು ತೆರೆಯುತ್ತಾಳೆ, ನರಳುತ್ತಾಳೆ, ನೋವಿನ ಜಾಗಕ್ಕೆ ಕೈ ತರುತ್ತಾಳೆ. ಒಟ್ಟು ಒಂಬತ್ತು. ಹನ್ನೆರಡರ ಜಾಗದಲ್ಲಿ ಆರು ಬಂತು. ಮೂವತ್ತು ಇದ್ದದ್ದು 24ಕ್ಕೆ ಇಳಿಯಿತು. 20ರಿಂದ 24ಕ್ಕೆ ಕೋಷ್ಟಕ ಹೇಳುವುದು ನೂರಕ್ಕೆ ಸುಮಾರು 40 ಸಾವು. ನಾಲ್ಕಾಣೆ ಅಂದವಳು ಒಂಬತ್ತು-ಹತ್ತಾಣೆ ಅನ್ನಬೇಕಿತ್ತು.

ಸರ್ ಬೆರಳು ಇನ್ನೂ ಹಾಳೆಯ ಮೇಲಿತ್ತು. ಬಿಳಿ ರಕ್ತಕಣ 22,000ದ ಮೇಲೆ ನಿಲ್ಲಿಸಿ, "ಹೆರಿಗಿ ಆದವರಿಗೆ ಇಷ್ಟು ಏರೋದು ಏನ್ ಹೊಸಾದೇನು?" ಅಂದರು. ಅಲ್ಲ. ಹೆರಿಗೆ ನೋವಿನಲ್ಲಿ ಸೋಂಕಿಲ್ಲದೆಯೂ ಅದು 25,000 ದಾಟಬಹುದು. ರಕ್ತ ತೆಳುವಾಗುವುದೂ ಬಸಿರಿನ ಸಹಜ ಧರ್ಮ, ರಕ್ತದ ನೀರಿನಂಶ ನೂರಕ್ಕೆ 40-50ರಷ್ಟು ಹೆಚ್ಚುತ್ತದೆ. ನಾಡಿ ನಿಮಿಷಕ್ಕೆ ಹತ್ತಿಪ್ಪತ್ತು ಏರುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು, ಈ ಕಾಯಿಲೆಯ ಬೇರು ಮಾಸಿನಲ್ಲಿದೆ. ಮಾಸು ಹೊರಬಿದ್ದ ಮೇಲೆ, ಒಂದೆರಡು ದಿನ ಇನ್ನೂ ಕೆಟ್ಟು, ಆಮೇಲೆ ಬಹಳ ಮಂದಿಯಲ್ಲಿ ದೇಹ ತಾನಾಗಿ ದಾರಿಗೆ ಬರುತ್ತದೆ. ನ್ಯುಮೋನಿಯಾ ಬಂದ ಎಪ್ಪತ್ತರ ಮುದುಕರ ದೇಹಕ್ಕೆ ಈ ಸೌಲಭ್ಯವಿಲ್ಲ. ಅಪಾಚೆ-2ರ ಕಾಯಿಲೆಗಳ ಪಟ್ಟಿಯಲ್ಲಿ ಪ್ರಸೂತಿಯ ಹೆಸರೇ ಇಲ್ಲ. ಬಸುರಿ-ಬಾಣಂತಿಯರಲ್ಲಿ ಅದು ಸಾವನ್ನು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂದು ಒಂದಾದ ಮೇಲೊಂದು ಅಧ್ಯಯನ ಹೇಳಿದ್ದು ಸುಮ್ಮನೆ ಅಲ್ಲ. ಓದಿದ್ದೆ ನಾನು. ಥೀಸಿಸ್ಸಿನ ಪೀಠಿಕೆಯಲ್ಲಿ ಬರೆದೂ ಇದ್ದೆ. ಬಾಗಿಲಲ್ಲಿ ನಿಂತು ಉತ್ತರ ಕೊಡುವಾಗ ಅದು ನೆನಪಾಗಲಿಲ್ಲ.

ಹೊರಗೆ ಹೋಗಿ ಆ ಹಿರಿಯರ ಪಕ್ಕ ನೆಲದ ಮೇಲೆ ಕೂತೆ. "ಅಪ್ಪಾರ, ನಾನು ರಾತ್ರಿ ತಪ್ಪು ಎಣಿಸಿದೆ. ಮಗಳು ಕಷ್ಟದಾಗ ಇದಾಳ, ಸುಳ್ಳಲ್ಲ. ಆದರ ಒಯ್ಯೋ ಹೊತ್ತಲ್ಲ ಇದು. ನನಗ ಎರಡು ದಿನ ಕೊಡ್ರಿ," ಅಂದೆ. ಅವರು ನನ್ನ ಮುಖ ನೋಡಿದರು, ಗಾಡಿಯ ಕಡೆ ನೋಡಿದರು. ಡ್ರೈವರಿಗೆ ಹೋಗು ಎಂದು ಕೈ ಮಾಡಿದರು.

ಎರಡನೇ ದಿನ ಪ್ಲೇಟ್‌ಲೆಟ್ 36,000ಕ್ಕೆ ಇಳಿಯಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮೂರನೇ ದಿನ 68,000, ಉರೋಬ್ಯಾಗ್ ತುಂಬತೊಡಗಿತು. ಹನ್ನೊಂದಿದ್ದ ಸೋಫಾ ಆರಕ್ಕೆ ಬಂತು. ನಾಲ್ಕನೇ ದಿನ ಟ್ಯೂಬ್ ತೆಗೆದೆವು. ಕಾಲುಂಗುರದ ಅಂಟುಪಟ್ಟಿಯನ್ನು ಅವಳೇ ಬಿಚ್ಚಿಕೊಂಡಳು. ಊತ ಇಳಿದು ಉಂಗುರ ಬೆರಳಲ್ಲಿ ತಿರುಗುತ್ತಿತ್ತು.

ಇದು ಅಂಕ ಹೆಚ್ಚಾಗಿ ತಪ್ಪಿದ ಕಥೆ. ನನ್ನನ್ನು ಇವತ್ತಿಗೂ ಕಾಡುವುದು ಅಂಕ ಕಡಿಮೆಯಾಗಿ ತಪ್ಪಿದ್ದು.

ಮೂರನೇ ಹೆರಿಗೆ, ಇಪ್ಪತ್ತಾರರ ವಯಸ್ಸು. ಬೇರೆ ಕಡೆ ಸಂಜೆ ನಾಲ್ಕಕ್ಕೆ ಹೆರಿಗೆಯಾಗಿ, ರಕ್ತ ಹೋಗುವುದು ನಿಲ್ಲದೆ, ರಾತ್ರಿ ಒಂಬತ್ತಕ್ಕೆ ನಮ್ಮ ಐಸಿಯುಗೆ ಬಂದಳು. ಅಷ್ಟು ಹೊತ್ತಿಗೆ ಸ್ರಾವ ನಿಂತ ಹಾಗೇ ಇತ್ತು. ಎಚ್ಚರವಾಗಿ ಮಾತಾಡುತ್ತಿದ್ದಳು. "ಕೂಸಿಗಿ ಯಾರು ಹಾಲು ಕುಡಸ್ಯಾರ್ರೀ?" ಅಂತ ಕೇಳಿದಳು. ನಾಡಿ 128, ಬಿಪಿ 104/70. ಹಿಮೋಗ್ಲೋಬಿನ್ 9.4. ಪಿಎಚ್ 7.34. ನಾನು ಬಂದ ಹೊತ್ತಿನ ಅಂಕ ಹಾಕಿದೆ: ನಾಡಿಗೆ 2, ಉಸಿರಿಗೆ 1, ರಕ್ತ ತೆಳುವಿಗೆ 2, ಬಿಳಿ ಕಣಕ್ಕೆ 1. ಕ್ರಿಯಾಟಿನಿನ್ 0.5, ಅದಕ್ಕೂ 2 ಅಂಕ! ಅಪಾಚೆ-2ರಲ್ಲಿ 0.6ಕ್ಕಿಂತ ಕಡಿಮೆ ಇದ್ದರೆ ಅದು ದೋಷ. ಬಸುರಿಯಲ್ಲಿ 0.5 ಅಂದರೆ ಮೂತ್ರಪಿಂಡ ಆರೋಗ್ಯವಾಗಿ ದುಡಿಯುತ್ತಿದೆ ಅಂತ ಅರ್ಥ. ಎಲ್ಲ ಕೂಡಿ ಎಂಟು. ಎಂಟು ಅಂದರೆ ನೂರಕ್ಕೆ ಸುಮಾರು ಎಂಟು ಸಾವು. ಸುಮಾರು ಹದಿನೈದಾಣೆ.

ಅಂಕದ ಹಾಳೆಯಲ್ಲಿ ಇಲ್ಲದ್ದು ಅವಳ ಎಬಿಜಿ, ಅಂದರೆ ರಕ್ತದ ಅನಿಲ ಪರೀಕ್ಷೆಯ, ಚೀಟಿಯಲ್ಲಿತ್ತು. ಲ್ಯಾಕ್ಟೇಟ್ 5.8. ಬೈಕಾರ್ಬೊನೇಟ್ 13. ಅಂಗಾಂಗಗಳಿಗೆ ರಕ್ತ ಸಾಲದೆ ಆಮ್ಲ ಉಕ್ಕುತ್ತಿತ್ತು. ಅವಳು ಬೇಗ ಬೇಗ ಉಸಿರಾಡಿ ಅದನ್ನು ಹೊರಗೆ ಹಾಕುತ್ತಿದ್ದಳು, ಹಾಗಾಗಿ ಪಿಎಚ್ ಸರಿಯಾಗಿ ಕಂಡಿತು. ಅಪಾಚೆ-2 ಲ್ಯಾಕ್ಟೇಟನ್ನು ಎಣಿಸುವುದಿಲ್ಲ. ಹಿಮೋಗ್ಲೋಬಿನ್ ಕೂಡ ಸುರಿದ ರಕ್ತದ ಲೆಕ್ಕವನ್ನು ಕೂಡಲೇ ಹೇಳುವುದಿಲ್ಲ. ಕೊಡದಲ್ಲಿ ಅರ್ಧ ಮಜ್ಜಿಗೆ ಚೆಲ್ಲಿದರೆ ಉಳಿದದ್ದು ಅಷ್ಟೇ ಗಟ್ಟಿ ಇರುತ್ತದೆ, ನೀರು ಬೆರೆಸಿದ ಮೇಲೆ ತಾನೇ ತೆಳುವಾಗುವುದು?

ಸೀನಿಯರ್‌ಗಳು ಲ್ಯಾಕ್ಟೇಟ್ ನೋಡಿದರು, ಓಡಾಡಿದರು. ರಕ್ತ, ಪ್ಲಾಸ್ಮಾ, ಹೆಪ್ಪುಗಟ್ಟಿಸುವ ಅಂಶಗಳಿರುವ ಕ್ರಯೋ, ಸಿಕ್ಕಿದ್ದೆಲ್ಲ ಹೋಯಿತು. ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜೆನ್ 110 ಎಂದು ರಿಪೋರ್ಟ್ ಬಂದದ್ದು ಹನ್ನೆರಡರ ಮೇಲೆ. ತುಂಬು ಬಸುರಿಯಲ್ಲಿ ಅದು 400ರ ಮೇಲೆ ಇರಬೇಕು. 200ಕ್ಕಿಂತ ಇಳಿದರೇ ಗಂಭೀರ ಸ್ರಾವದ ಸೂಚನೆ. ಒಂದು ಗಂಟೆಗೆ ಗರ್ಭಕೋಶ ತೆಗೆಯಲು ಓಟಿಗೆ ಒಯ್ದೆವು. ಅನಸ್ತೇಶಿಯಾ ಕೊಟ್ಟ ತಂಡದಲ್ಲಿ ನಾನೂ ಇದ್ದೆ. ಹೊಲಿಗೆ ಹಾಕಿದಲ್ಲೆಲ್ಲ, ಸೂಜಿ ಚುಚ್ಚಿದಲ್ಲೆಲ್ಲ ಒಸರುತ್ತಿತ್ತು. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅವಳು ಹೋದಳು. ಹನ್ನೊಂದು ತಾಸು ನಮ್ಮಲ್ಲಿದ್ದಳು.

ಆ ಸಂಜೆ ಅವಳ ಪ್ರೊಫಾರ್ಮಾ ತೆಗೆದಾಗ ಗೊತ್ತಾಯಿತು, ಅವಳು ನನ್ನ ಥೀಸಿಸ್ಸಿನಲ್ಲಿ ಇರುವಂತಿಲ್ಲ. ಅಧ್ಯಯನದಿಂದ ಹೊರಗಿಡಬೇಕಾದವರ ಪಟ್ಟಿಯಲ್ಲಿ ನಾನೇ ಟೈಪ್ ಮಾಡಿದ್ದ ಮೊದಲ ಸಾಲು: ಐಸಿಯುನಲ್ಲಿ 24 ತಾಸಿಗಿಂತ ಕಡಿಮೆ ಇದ್ದವರು. ಅದಕ್ಕೆ ಕಾರಣವಿದೆ, ಮೊದಲ 24 ತಾಸಿನ ಅತಿ ಕೆಟ್ಟ ಅಳತೆಯನ್ನೇ ಹಿಡಿಯುವ ಪದ್ಧತಿ ಅದು. ಇಂಥ ಎಷ್ಟೋ ಅಧ್ಯಯನಗಳಲ್ಲಿ ಇದೇ ಷರತ್ತು ಇದೆ. ಆದರೆ 24 ತಾಸಿನೊಳಗೆ ಹೋಗುವವರು ಯಾರು? ಹೆಚ್ಚಾಗಿ ರಕ್ತ ಸುರಿದು ಬಂದವರು. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಮೊದಲ ಕಾರಣವೇ ರಕ್ತಸ್ರಾವ. ಅಂದರೆ ಮುನ್ಸೂಚನೆ ಯಾರಿಗೆ ಎಲ್ಲಕ್ಕಿಂತ ಮೊದಲು ಬೇಕಿತ್ತೋ ಅವರನ್ನೇ ಬಿಟ್ಟು ನಾವು ಮುನ್ಸೂಚನೆ ಎಷ್ಟು ಚೆನ್ನಾಗಿದೆ ಎಂದು ಅಳೆಯುತ್ತಿದ್ದೆವು.

ಸರ್ ಹತ್ತಿರ ಹೋಗಿ, ಸೇರಿಸಲೇ ಅಂತ ಕೇಳಿದೆ. "ಕಮಿಟಿ ಒಪ್ಪಿದ ನಿಯಮ ನಡುವ ಬದಲಿಸಬಾರದವಾ. ಮನಸಿಗೆ ಬಂದಂಗ ಒಬ್ಬರನ್ನ ಸೇರಿಸಿ ಒಬ್ಬರನ್ನ ಬಿಟ್ರ ಅದು ಅಧ್ಯಯನ ಆಗಂಗಿಲ್ಲ. ಮಿತಿಗಳ ಅಧ್ಯಾಯದಾಗ ಬರಿ," ಅಂದರು. ಸರಿಯಾದ ಮಾತು. ಬರೆದೆ, ಒಂದು ಸಾಲು. ಮೊದಲ ಕಾಲಂ ಮಾತ್ರ ತುಂಬಿದ ಆ ಹಾಳೆಯನ್ನು ಹರಿಯಲಿಲ್ಲ. ಬೇರೆ ಫೈಲ್ ಮಾಡಿ ಇಟ್ಟುಕೊಂಡೆ. ಥೀಸಿಸ್ ಮುಗಿಯುವ ಹೊತ್ತಿಗೆ ಅದರಲ್ಲಿ ಅವಳೊಬ್ಬಳೇ ಇರಲಿಲ್ಲ.

ಸಂಖ್ಯಾಶಾಸ್ತ್ರದ ಭಾಗವನ್ನು ಬೇಗ ಮುಗಿಸುತ್ತೇನೆ. ಅಂಕಪದ್ಧತಿಯನ್ನು ಎರಡು ರೀತಿ ಒರೆಗೆ ಹಚ್ಚುತ್ತಾರೆ. ದನದ ಜಾತ್ರೆಯಲ್ಲಿ ಎತ್ತು ನೋಡುವ ಹಿರಿಯರನ್ನು ನೆನೆಸಿಕೊಳ್ಳಿ. ಎರಡು ಎತ್ತು ನಿಲ್ಲಿಸಿದರೆ ಯಾವುದು ಹೆಚ್ಚು ಗಟ್ಟಿ ಅಂತ ಹೇಳುವುದು ಒಂದು ಜಾಣ್ಮೆ. ಇದರ ಬೆಲೆ ಇಷ್ಟೇ ಅಂತ ಸರಿಯಾಗಿ ಹೇಳುವುದು ಇನ್ನೊಂದು. ಬಾಣಂತಿಯರಲ್ಲಿ ಅಪಾಚೆಗೆ ಮೊದಲನೆಯದು ಸಾಕಷ್ಟು ಚೆನ್ನಾಗಿಯೇ ಬರುತ್ತದೆ, ಯಾರು ಹೆಚ್ಚು ಕಷ್ಟದಲ್ಲಿದ್ದಾರೆಂದು ಬೇರ್ಪಡಿಸುತ್ತದೆ. ಬೆಲೆ ಹೇಳುವಾಗ ಎಡವುತ್ತದೆ. ನಾನು ಆ ತಂದೆಗೆ ಹೇಳಿದ್ದು ಬೆಲೆ.

ಬಸುರಿಯರಿಗಾಗಿಯೇ ಮಾಡಿದ ಪದ್ಧತಿಗಳು ಬಂದಿವೆ. ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ನ ಪ್ರಸೂತಿ ವೈದ್ಯಕೀಯ ಸಂಘ 2017ರಲ್ಲಿ ಸೋಫಾವನ್ನು ಬಸುರಿಗೆ ಹೊಂದಿಸಿ, ಕ್ರಿಯಾಟಿನಿನ್ ಮಿತಿಯನ್ನು ಕೆಳಗಿಳಿಸಿತು. ಬಸಿರಿನಲ್ಲಿ ಬಿಪಿ ಏರಿದವರಿಗೆ 2011ರ ಫುಲ್‌ಪಿಯರ್ಸ್ ಇದೆ. ದಾಖಲಾದ 48 ತಾಸಿನೊಳಗೆ ಅಪಾಯ ಬರಬಹುದೇ ಅಂತ ಎದೆನೋವು, ಉಸಿರಾಟದ ತೊಂದರೆ, ಆಮ್ಲಜನಕ, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಯಕೃತ್ತಿನ ಕಿಣ್ವ, ಬಸುರಿನ ವಾರ ನೋಡಿ ಹೇಳುತ್ತದೆ. ಅದರ ತಂಗಿ ಮಿನಿಪಿಯರ್ಸ್‌ಗೆ ರಕ್ತಪರೀಕ್ಷೆಯೂ ಬೇಡ. ನಮ್ಮ ಬೆಳಗಾವಿ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲೇ ಆಶಾ ಕಾರ್ಯಕರ್ತೆಯರು ಅದನ್ನು ಟ್ಯಾಬ್‌ನಲ್ಲಿ ಬಳಸಿ ನೋಡಿದ್ದಾರೆ. ಇದನ್ನೆಲ್ಲ ಓದುತ್ತ ಹೋದ ಹಾಗೆ ನನ್ನ ಗಮನ ಐಸಿಯುನಿಂದ ಹಿಂದಕ್ಕೆ, ದಾರಿಗೆ, ರಕ್ತ ಸುರಿದು ತೀರಿಕೊಂಡ ಆ ಬಾಣಂತಿ ಹೊರಟ ಜಾಗಕ್ಕೆ ಹೋಯಿತು.

ಫೈಲಿನಲ್ಲಿದ್ದ ಅವಳ ರೆಫರಲ್ ಚೀಟಿ ಮತ್ತೆ ತೆಗೆದೆ. ಸಂಜೆ ಆರಕ್ಕೆ ಬರೆದದ್ದು. ನಾಡಿ 116, ಬಿಪಿ 110/70, ಕೆಳಗೆ "ವೈಟಲ್ಸ್ ಸ್ಟೇಬಲ್". ಎರಡೂ ಸಂಖ್ಯೆಗಳನ್ನು ಒಂದೊಂದಾಗಿ ನೋಡಿದರೆ ಹೌದು ಅನ್ನಿಸುತ್ತದೆ. ನಾಡಿಯನ್ನು ಬಿಪಿಯ ಮೇಲಿನ ಸಂಖ್ಯೆಯಿಂದ ಭಾಗಿಸಿದರೆ 1.05. ಇದನ್ನು ಶಾಕ್ ಇಂಡೆಕ್ಸ್ ಅನ್ನುತ್ತಾರೆ. ಬಾಣಂತಿಯಲ್ಲಿ 0.9 ದಾಟಿದರೆ ಎಚ್ಚರವಾಗಬೇಕು. ನಮ್ಮಲ್ಲಿಗೆ ಬರುವಾಗ 1.23 ಆಗಿತ್ತು. ಬಿಪಿ ಬೀಳುವ ತನಕ ಕಾದರೆ ತಡವಾಗುತ್ತದೆ. ವಯಸ್ಸಿನ ಹುಡುಗಿಯರ ದೇಹ ಕೊನೆಯ ಕ್ಷಣದವರೆಗೂ ಬಿಪಿಯನ್ನು ಎತ್ತಿ ಹಿಡಿಯುತ್ತದೆ. ಈ ಭಾಗಾಕಾರವನ್ನು ತಾನೇ ಮಾಡಿ ಹಸಿರು, ಹಳದಿ, ಕೆಂಪು ದೀಪ ತೋರಿಸುವ ಬಿಪಿ ಯಂತ್ರವೊಂದಿದೆ, ಕ್ರೇಡಲ್. ಆಫ್ರಿಕಾದ ಹಲವು ಊರುಗಳ ಜೊತೆಗೆ ನಮ್ಮ ಗೋಕಾಕದಲ್ಲೂ ಅದರ ಪ್ರಯೋಗ ನಡೆಯಿತು. 2019ರಲ್ಲಿ ಫಲಿತಾಂಶ ಬಂದಾಗ, ಯಂತ್ರದಿಂದಲೇ ಸಾವು-ನೋವು ಕಡಿಮೆಯಾಯಿತೆಂದು ಖಚಿತವಾಗಿ ಹೇಳಲಾಗಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ. ಕೆಂಪು ದೀಪ ಹತ್ತಿದ ಮೇಲೆ ರಕ್ತ ಬರಬೇಕು, ಗಾಡಿ ಬರಬೇಕು, ಆ ತುದಿಯಲ್ಲಿ ಓಟಿ ಸಜ್ಜಾಗಿರಬೇಕು. ದೀಪಕ್ಕೆ ಕೈಕಾಲಿಲ್ಲ.

ಈಗ ನಾನು ಕೃಷ್ಣಾ ತೀರದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಐಸಿಯು ಇಲ್ಲ. ಲೇಬರ್ ರೂಮಿನ ಗೋಡೆಯ ಮೇಲೆ ನಾನು ಕೈಯಿಂದ ಗೆರೆ ಎಳೆದು ಅಂಟಿಸಿದ ಒಂದು ಹಾಳೆ ಇದೆ. ಅಡ್ಡಕ್ಕೆ ಬಿಪಿ, ಉದ್ದಕ್ಕೆ ನಾಡಿ, 0.9 ದಾಟುವ ಮನೆಗಳಿಗೆಲ್ಲ ಕುಂಕುಮದ ಬಣ್ಣ. ಹೆರಿಗೆಯಾದ ಮೇಲೆ ಎರಡು ತಾಸು, ಹದಿನೈದು ನಿಮಿಷಕ್ಕೊಮ್ಮೆ ನೋಡಿ ಚುಕ್ಕೆ ಇಡಬೇಕು. ಮೊದಮೊದಲು ಸಿಸ್ಟರ್‌ಗಳು ಗೊಣಗಿದರು. ಮೂರು ಟೇಬಲ್, ಒಬ್ಬರೇ ಸಿಸ್ಟರ್, ಗೊಣಗುವುದು ನ್ಯಾಯವೇ. ಈಗ ಚಾರ್ಟ್ ಇಲ್ಲದಿದ್ದರೆ ಅವರೇ ಕೇಳುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡಕ್ಕೆ ಫೋನು. "ಮೇಡಂ, ಒಂದು ಪಾಯಿಂಟ್ ಹದಿಮೂರು ಬಂತ್ರೀ." ನಾಡಿ 118, ಬಿಪಿ 104. ಕ್ವಾರ್ಟರ್ಸಿನಿಂದ ಓಡಿ ಹೋದೆ. ಬಾಣಂತಿ ದಿಂಬಿಗೆ ಒರಗಿ ಕೂತಿದ್ದಳು. "ಚಲೋ ಅದಾಳಲ್ರೀ, ಈಗ ಚಾ ಕುಡದಾಳ," ಅಂದರು ಅವಳ ತಾಯಿ. ಹಾಸಿಗೆ ಬಟ್ಟೆ ಎತ್ತಿ ನೋಡಿದರೆ ಕೆಳಗಿನ ರಬ್ಬರ್ ಶೀಟಿನ ಮಡಿಕೆಯಲ್ಲಿ ರಕ್ತ ನಿಂತಿತ್ತು. ಎರಡೂ ಕೈಗೆ ದಪ್ಪ ಕ್ಯಾನುಲಾ, ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾ ಒಂದು ಗ್ರಾಂ, ಪ್ರಸೂತಿ ತಜ್ಞೆ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಒತ್ತಿ ಹಿಡಿದರು. ಜಿಲ್ಲಾಸ್ಪತ್ರೆಗೆ ಫೋನ್ ಮಾಡಿ ರಕ್ತದ ಗುಂಪು, ನಾಡಿ, ಬಿಪಿ, ಭಾಗಿಸಿದ ಸಂಖ್ಯೆ ಹೇಳಿದೆ. ಓಟಿ ತೆರೆದು ಇಡುತ್ತೇವೆ ಅಂದರು.

ತಾಯಿ ನನ್ನ ಸೆರಗಿನ ತುದಿ ಹಿಡಿದಿದ್ದರು. ಅವರ ಬಾಯಲ್ಲಿ ಅದೇ ಪ್ರಶ್ನೆ.

"ಎಷ್ಟಾಣೆ ಅದಾಳ್ರೀ ಅಕ್ಕಾರ?"

"ಯವ್ವಾ, ಓ ಪಾಸಿಟಿವ್ ರಕ್ತದವರು ನಿಮ್ಮ ಮನ್ಯಾಗ ಯಾರ್ಯಾರ ಅದಾರ? ಅವರನ್ನ ಎಬ್ಬಿಸಿ ಗಾಡಿ ಹಿಂದ ಕಳಿಸ್ರಿ," ಅಂದೆ.

108 ಹೊರಟಾಗ ಎರಡು ಗಂಟೆ ಮೂವತ್ತೈದು ನಿಮಿಷ. ಚೀಟಿಯ ಮೇಲೆ ಸಮಯ ಬರೆದು, ಡ್ರಿಪ್ ಬಾಟಲಿ ಎತ್ತಿ ಹಿಡಿದು ನಾನೂ ಹತ್ತಿದೆ. ಕಾಲುವೆಯ ಸೇತುವೆ ದಾಟುವಾಗ ಇನ್ನೊಮ್ಮೆ ನಾಡಿ ಎಣಿಸಿದೆ. ನೂರಾ ಎಂಟು.